ಇಬ್ಬರು ಪಳಗಿದವರು, ಮೂವರು ಹೊಸಬರು: ಒಂದೇ ಮೇಜಿನ ಡಿ ಅಂಡ್ ಡಿ ಸರಿದೂಗಿಸೋದು ಹೇಗೆ?

ತುಂಗಾದಂಡೆ (ಶಿವಮೊಗ್ಗ) ಕೇಳಿದ್ದು:

ಭಾನುವಾರ ಮಧ್ಯಾಹ್ನದ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರ ಕಟ್ಟಿ ದಾಳ ಹಾಕಿ ಕಥೆ ಆಡೋದು) ಆಟಕ್ಕೆ ಡಿಎಂ, ಅಂದ್ರೆ ಕಥೆ ನಡೆಸಿ ರಾಕ್ಷಸರನ್ನ ಆಡಿಸೋರು, ನಾನು. ಐದು ಜನ, ಎಲ್ಲರೂ 3ನೇ ಲೆವೆಲ್. ನಿಯಮ ಐದನೇ ಆವೃತ್ತಿಯದು, 2014ರ ಪುಸ್ತಕ.

ಇಬ್ಬರು ಪಳಗಿದವರು. ಒಬ್ಬ ಬಿಲ್ಲುಗಾರ, ವೇರಿಯಂಟ್ ಹ್ಯೂಮನ್ (ಶುರುವಿಗೇ ಒಂದು ಫೀಟ್, ಅಂದ್ರೆ ವಿಶೇಷ ಕೌಶಲ, ಸಿಗೋ ಬಗೆಯ ಮನುಷ್ಯ) ತಗೊಂಡು ಮೊದಲ ಲೆವೆಲ್ಲಿಗೇ ಶಾರ್ಪ್‌ಶೂಟರ್ ಹಾಕಿಕೊಂಡಿದ್ದಾನೆ. ಇನ್ನೊಬ್ಬ ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕೋ ಪೂಜಾರಿ), ತನ್ನ ಸರದಿ ಮುಗಿಸಿ ಉಳಿದ ನಾಲ್ವರ ಸರದಿಯನ್ನೂ ತಾನೇ ಆಡ್ತಾನೆ. ಮೂವರು ಹೊಸಬರು: ದೊಡ್ಡ ಕತ್ತಿಯ ಫೈಟರ್ (ಚಾಂಪಿಯನ್ ಬಗೆಯವನು), ಮಂತ್ರವಾದಿ ವಿಜಾರ್ಡ್, ಕಳ್ಳನಡೆಯ ರೋಗ್. ರೋಗ್ ಪ್ರತಿ ಸಲ "ಹೊಡಿತೀನಿ" ಅಂತ ಒಂದೇ ಮಾತು. ವಿಜಾರ್ಡ್ ಹಾಳೆ ತಿರುವಿ ತಿರುವಿ ಒಂದು ಸರದಿಗೆ ನಾಲ್ಕು ನಿಮಿಷ.

ರಾಕ್ಷಸರನ್ನ ಬಲ ಮಾಡಿದ್ರೆ ಮೊದಲು ಬೀಳೋದು ಹೊಸಬರೇ. ಸಡಿಲ ಬಿಟ್ರೆ ಬಿಲ್ಲುಗಾರ ಎರಡೇ ಸುತ್ತಲ್ಲಿ ಕಥೆ ಮುಗಿಸ್ತಾನೆ. ಮುಂದಿನ ವಾರ ಕೋಟೆಯ ಎರಡನೇ ಬಾಗಿಲಲ್ಲಿ ಕಾಳಗ ಇದೆ. ಕವಲೇದುರ್ಗದ ಹಾಗೆ ಒಂದರ ಮೇಲೊಂದು ಬಾಗಿಲು ದಾಟಿ ಹತ್ತೋ ಕೋಟೆ, ಆಷಾಢದ ಮಂಜು. ಗಾಬ್ಲಿನ್‌ಗೆ ಕುಳ್ಳರು ಅಂತಲೂ ಓಗರ್‌ಗೆ ರಕ್ಕಸ ಅಂತಲೂ ಹೆಸರಿಟ್ಟಿದ್ದೇನೆ, ಅಂಕಿ ಪುಸ್ತಕದ್ದೇ. ಹೊಸಬರಿಗೆ ಎರಡು ಲೆವೆಲ್ ಜಾಸ್ತಿ ಕೊಡಲಾ? ಇಲ್ಲಾ ಮಂತ್ರದ ಕತ್ತಿ ಕೊಟ್ಟರೆ ಸಾಕಾ? ಎರಡು ರಕ್ಕಸರನ್ನ ಬಿಡೋಣ ಅಂತ ಅಂದಾಜು.

---

ಹುಲಿಕುರಿ (ಸಾಗರ):

ಎರಡು ರಕ್ಕಸರನ್ನ ಬಿಡಬೇಡಿ. ನಿಮ್ಮ ಕಾಯಿಲೆಗೆ ಅದು ಬೆಲ್ಲ ತಿನ್ನಿಸಿದ ಹಾಗೆ. ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ.

3ನೇ ಲೆವೆಲ್ಲಿನ ಐವರಿಗೆ ಎಕ್ಸ್‌ಪಿ (ಕಾಳಗ ಎಷ್ಟು ಕಷ್ಟ ಅಂತ ಅಳೆಯೋ ಅಂಕ) ಮಿತಿ: ಮಧ್ಯಮ 750, ಕಠಿಣ 1125, ಮಾರಕ 2000. ಎರಡು ರಕ್ಕಸ ಅಂದ್ರೆ 450 ಎರಡು ಸಲ, 900. ಇಬ್ಬರಿರೋದಕ್ಕೆ ಒಂದೂವರೆ ಪಟ್ಟು, 1350. ಒಬ್ಬ ರಕ್ಕಸ, ನಾಲ್ವರು ಕುಳ್ಳರು ಅಂದ್ರೆ 450 ಜೊತೆಗೆ 200, ಒಟ್ಟು 650. ಐದು ಜೀವ ಇರೋದಕ್ಕೆ ಎರಡು ಪಟ್ಟು, 1300. ಕಾಗದದ ಮೇಲೆ ಎರಡೂ ಒಂದೇ, ಕಠಿಣ. ಮೇಜಿನ ಮೇಲೆ ಅಜಗಜಾಂತರ.

ಬಿಲ್ಲುಗಾರನಿಗೆ ಡೆಕ್ಸ್ (ಚುರುಕುತನ) +3, ಪ್ರಾವೀಣ್ಯ +2, ಆರ್ಚರಿ ಸ್ಟೈಲ್ +2 ಅಂದುಕೊಳ್ಳಿ. ಒಟ್ಟು +7, ಇದನ್ನ ಡಿ20ಗೆ (20 ಮುಖದ ದಾಳ) ಸೇರಿಸಿ ಎದುರಾಳಿಯ ಎಸಿ ಅಂಕ ಮುಟ್ಟಿದ್ರೆ ತಾಗಿತು. ಶಾರ್ಪ್‌ಶೂಟರಿನ −5/+10 (ತಾಗೋ ದಾಳಕ್ಕೆ 5 ಕಡಿಮೆ, ಏಟಿಗೆ 10 ಜಾಸ್ತಿ) ಹಾಕಿದ್ರೆ +2. ರಕ್ಕಸನ ಎಸಿ 11, ಎಚ್‌ಪಿ (ಜೀವದ ಅಂಕ) 59. ಸಾದಾ ಬಾಣ 85% ಸಲ ತಾಗುತ್ತೆ, ಸರಾಸರಿ ಏಟು 7.5, ಅಂದ್ರೆ ಸರದಿಗೆ 6.4. −5 ಹಾಕಿದ ಬಾಣ 60% ತಾಗುತ್ತೆ, ಏಟು 17.5, ಸರದಿಗೆ 10.5. ನಿಮ್ಮ ಫೈಟರ್ (+5, ಏಟು 10) ಅದೇ ರಕ್ಕಸನಿಗೆ 75% ತಾಗಿಸಿ 7.5 ತೆಗೀತಾನೆ. ದೂರ ನಿಂತವನು ಹತ್ತೂವರೆ, ಎದುರು ನಿಂತು ಏಟು ತಿನ್ನುವವನು ಏಳೂವರೆ. ಹೊಸಬನಿಗೆ ಬೇಜಾರಾಗದೆ ಇರುತ್ತಾ?

ಈಗ ಕುಳ್ಳನನ್ನ ನೋಡಿ: ಎಸಿ 15, ಎಚ್‌ಪಿ ಬರೀ 7. ಬಿಲ್ಲುಗಾರನ ಸಾದಾ ಬಾಣ 65% ತಾಗುತ್ತೆ. ತಾಗಿದ್ರೆ ಡಿ8ರಲ್ಲಿ 4 ಅಥವಾ ಮೇಲೆ ಬಿದ್ದಾಗ ಮಾತ್ರ ಸಾಯ್ತಾನೆ. ಒಂದು ಬಾಣಕ್ಕೆ ಒಬ್ಬ ಸಾಯೋ ಸಾಧ್ಯತೆ 41%. −5 ಹಾಕಿದ್ರೆ ತಾಗಿದವನು ಸತ್ತ ಹಾಗೇ, ಆದ್ರೆ ತಾಗೋದು 40%. ಅಂದ್ರೆ ಆ ಫೀಟ್‌ನಿಂದ ಒಂದು ಕಾಸಿನ ಲಾಭವೂ ಇಲ್ಲ. 7 ಎಚ್‌ಪಿ ಇರೋನಿಗೆ 17 ಹೊಡೆದ್ರೆ ಮಿಕ್ಕ 10 ಮಣ್ಣಿಗೆ. ಫೈಟರ್ ಮಾತ್ರ 55% ತಾಗಿಸ್ತಾನೆ, ಎರಡು ಡಿ6 ಸೇರಿ 4 ಬಂದ್ರೂ ಸಾಕು, ಹಾಗಾಗಿ 50%. ಕ್ರಿಟ್ (ಏಟಿನ ದಾಳ ಎರಡು ಪಟ್ಟು ಆಗೋ ಭಾರಿ ಹೊಡೆತ) ಲೆಕ್ಕಕ್ಕೆ ತಗೊಂಡಿಲ್ಲ. ಕುಳ್ಳರ ಗುಂಪಿನ ಎದುರು ನಿಮ್ಮ ಹೊಸ ಫೈಟರ್ ಆ ಪಳಗಿದ ಬಿಲ್ಲುಗಾರನಿಗಿಂತ ಮುಂದೆ!

ಹಾಗಾಗಿ ಒಬ್ಬ ರಕ್ಕಸ, ನಾಲ್ವರು ಕುಳ್ಳರು. ಬಿಲ್ಲುಗಾರನಿಗೆ ರಕ್ಕಸ ಸಿಗಲಿ, ಅವನೂ ಕಲಿತದ್ದನ್ನ ಎಲ್ಲೋ ತೋರಿಸಬೇಕಲ್ಲ. ಕುಳ್ಳರು ಉಳಿದವರ ಪಾಲು. ಹುಲಿ-ಕುರಿ ಆಟದಲ್ಲಿ ಹುಲಿಗೂ ಕುರಿಗೂ ಒಂದೇ ನಡೆ ಇಲ್ಲ, ಆದ್ರೂ ಆಟ ನ್ಯಾಯವಾಗೇ ಇರುತ್ತೆ.

ಲೆವೆಲ್ ಜಾಸ್ತಿ ಕೊಡೋದು ಬೇಡವೇ ಬೇಡ. 5ನೇ ಲೆವೆಲ್ಲಿಗೆ ಫೈಟರ್‌ಗೆ ಎರಡನೇ ಹೊಡೆತ, ವಿಜಾರ್ಡ್‌ಗೆ 3ನೇ ದರ್ಜೆ ಮಂತ್ರ. ಈಗಲೇ ಹಾಳೆ ತಿರುವೋರ ಕೈಗೆ ಇನ್ನೊಂದು ಹಾಳೆ ಕೊಟ್ಟಂಗೆ. +1 ಕತ್ತಿ ಅಂದ್ರೆ ನೂರಕ್ಕೆ ಐದು ಸಲ ಜಾಸ್ತಿ ತಾಗುತ್ತೆ, ಏಟಿಗೆ 1 ಜಾಸ್ತಿ, ಅಷ್ಟೇ. ಒಂದು ಸಂಜೆಯ ಆಟದಲ್ಲಿ ಅದು ಯಾರ ಗಮನಕ್ಕೂ ಬರಲ್ಲ. ಅದರ ಬದಲು ಹೊಸದಾಗಿ ಏನಾದ್ರೂ ಮಾಡೋಕೆ ಬರೋ ವಸ್ತು ಕೊಡಿ: ಕೊಕ್ಕೆ ಹಗ್ಗ, ಕಾಲಿಗೆ ಚುಚ್ಚೋ ಮುಳ್ಳುಗಳ ಚೀಲ, ಮೂವರಿಗೂ ಒಂದೊಂದು ಹೀಲಿಂಗ್ ಪೋಷನ್ (2ಡಿ4+2, ಅಂದ್ರೆ ನಾಲ್ಕು ಮುಖದ ಎರಡು ದಾಳ ಕೂಡಿ ಮೇಲೆ 2, ಸರಾಸರಿ 7).

ಮಂಜಿಗೆ 30 ಅಡಿ ಆಚೆ ಏನೂ ಕಾಣಲ್ಲ ಅಂತ ಇಡಿ. ಬಿಲ್ಲಿನ ದೂರ ತನ್ನಷ್ಟಕ್ಕೆ ಕಟ್ ಆಗುತ್ತೆ.

(2024ರ ಪುಸ್ತಕ ಇಟ್ಟುಕೊಂಡವರು ಈ ಲೆಕ್ಕ ನೆಚ್ಚಬೇಡಿ. ಅದರಲ್ಲಿ ಶಾರ್ಪ್‌ಶೂಟರಿನ −5/+10 ಇಲ್ಲ, ಜೀವಗಳ ಸಂಖ್ಯೆಗೆ ಎಕ್ಸ್‌ಪಿ ಗುಣಿಸೋ ಪಟ್ಟಿಯೂ ಇಲ್ಲ.)

---

ಕಾನುಮನೆ (ತೀರ್ಥಹಳ್ಳಿ):

ಲೆಕ್ಕ ಸರಿ ಇದೆ ಮಾರಾಯ್ರೆ, ಆದ್ರೆ ನಿಮ್ಮ ಮೇಜಿನ ಅರ್ಧ ತೊಂದರೆ ಅಂಕಿಯದ್ದಲ್ಲ. ಕ್ಲೆರಿಕ್ ಆಡ್ತಿರೋನ ಬಾಯಿಯದ್ದು.

ತಾಳಮದ್ದಳೆ ಕೂತು ಕೇಳಿದವರಿಗೆ ಇದು ಗೊತ್ತಿರೋ ವಿಷಯ. ಪಳಗಿದ ಅರ್ಥಧಾರಿ ಎದುರಿಗೆ ಹೊಸಬ ಕೂತಾಗ ದೊಡ್ಡವನು ತಾನೇ ಎಲ್ಲ ಹೇಳಿ ಮುಗಿಸಿದ್ರೆ ಪ್ರಸಂಗವೇ ಬೀಳುತ್ತೆ. ಎದುರಿನವನು ಉತ್ತರ ಕೊಡೋ ಹಾಗೆ ಒಂದು ಪ್ರಶ್ನೆ ಬಿಟ್ಟುಕೊಡೋನೇ ನಿಜವಾಗಿ ದೊಡ್ಡವನು. ಬಿಟ್ಟುಕೊಡದಿದ್ರೆ ಭಾಗವತರು ಮುಂದಿನ ಪದ್ಯ ಎತ್ತಿಬಿಡ್ತಾರೆ, ಅಲ್ಲಿಗೆ ಮಾತು ನಿಲ್ಲಬೇಕು. ನಿಮ್ಮ ಮೇಜಿಗೆ ಭಾಗವತರು ನೀವೇ.

ಪದ್ಯ ಎತ್ತೋದು ಅಂದ್ರೆ ಇಲ್ಲಿ ಏನು? ಕಥೆಯೊಳಗೆ ಒಂದು ಸುತ್ತು ಸುಮಾರು 6 ಸೆಕೆಂಡ್. ಕಾಳಗದ ಮಧ್ಯೆ ಮಾತಾಡೋದು ಪಾತ್ರ, ಆಟಗಾರ ಅಲ್ಲ. ಅದೂ ತನ್ನ ಸರದಿಯಲ್ಲಿ, 6 ಸೆಕೆಂಡಿಗೆ ಹಿಡಿಸೋ ಒಂದೇ ವಾಕ್ಯ. "ಎಡಗಡೆಯೋನ್ನ ನೋಡ್ಕೋ!" ನಡೆಯುತ್ತೆ. "ನೀನು ಬೋನಸ್ ಆಕ್ಷನ್‌ನಲ್ಲಿ ಹಿಂದೆ ಸರಿದು ಆಮೇಲೆ..." ಅಂತ ಶುರು ಮಾಡಿದ್ರೆ ನೀವು ಮುಂದಿನವರ ಹೆಸರು ಕರೆದುಬಿಡಿ. ಹೊಸಬರು ತಾವಾಗಿ ಕೇಳಿದ್ರೆ ಮಾತ್ರ ಸಲಹೆ. ಆ ಸಲಹೆಯಲ್ಲೂ ಎರಡು ದಾರಿ ಹೇಳಬೇಕು, ಒಂದು ಹೇಳಿದ್ರೆ ಅದು ಅಪ್ಪಣೆ. ಈ ನಿಯಮವನ್ನ ಆಟ ಶುರು ಮಾಡೋ ಮೊದಲೇ ಎಲ್ಲರೆದುರು ಹೇಳಿ. ಕಾಳಗದ ಮಧ್ಯೆ ತಂದ್ರೆ ಒಬ್ಬನನ್ನೇ ಗುರಿ ಮಾಡಿದ ಹಾಗಾಗುತ್ತೆ, ಅವನು ಮುನಿಸಿಕೊಳ್ತಾನೆ.

ಬಾಯಿ ಕಟ್ಟಿದ ಮೇಲೆ ಅವನ ಬುದ್ಧಿಗೆ ಬೇರೆ ಕೆಲಸ ಕೊಡಬೇಕು. ಕ್ಲೆರಿಕ್ ಹತ್ತಿರ ಬ್ಲೆಸ್ ಮಂತ್ರ ಇದೆ: 30 ಅಡಿ ಒಳಗಿನ ಮೂವರಿಗೆ ಪ್ರತಿ ಹೊಡೆತಕ್ಕೆ, ಪ್ರತಿ ಸೇವ್‌ಗೆ (ಅಪಾಯ ತಪ್ಪಿಸಿಕೊಳ್ಳೋಕೆ ಹಾಕೋ ದಾಳ) ಒಂದು ಡಿ4 ಜಾಸ್ತಿ. ಸರಾಸರಿ ಎರಡೂವರೆ, ಅಂದ್ರೆ ಫೈಟರ್‌ನ 55% ಸುಮಾರು 67ಕ್ಕೆ ಏರುತ್ತೆ. +1 ಕತ್ತಿಗಿಂತ ಎರಡೂವರೆ ಪಟ್ಟು. ಆದ್ರೆ ಲೆಕ್ಕಾಚಾರದವನು ಅದನ್ನ ಮೊದಲು ಬಿಲ್ಲುಗಾರನಿಗೆ ಹಾಕ್ತಾನೆ, ಯಾಕಂದ್ರೆ −5 ತುಂಬಿಕೊಳ್ಳೋಕೆ ಅದೇ ಒಳ್ಳೆ ದಾರಿ. ಮೊದಲೇ ಪಕ್ಕಕ್ಕೆ ಕರೆದು ಹೇಳಿ: ಈ ಸಲ ಬ್ಲೆಸ್ ಮೂವರು ಹೊಸಬರಿಗೆ, ಅದನ್ನ ಕಾಪಾಡೋದೇ ನಿನ್ನ ಕಾಳಗ. ಅವನಿಗೆ ಏಟು ಬಿದ್ದಾಗಲೆಲ್ಲ ಮಂತ್ರ ಉಳಿಸೋ ಏಕಾಗ್ರತೆಗೆ ಕಾನ್ (ದೇಹದ ಗಟ್ಟಿತನ) ಸೇವ್ ಹಾಕಬೇಕು (10 ಅಥವಾ ಏಟಿನ ಅರ್ಧ, ಯಾವುದು ಹೆಚ್ಚೋ ಅದು), ಆದ್ದರಿಂದ ಎಲ್ಲಿ ನಿಲ್ಲಬೇಕು ಅನ್ನೋದೇ ಅವನಿಗೆ ಒಂದು ಲೆಕ್ಕ. ಇನ್ನೊಂದು ಸಣ್ಣ ವಿಷಯ, ಕೆಲಸ ಮಾತ್ರ ದೊಡ್ಡದು: ಬ್ಲೆಸ್ ಹಾಕಿದ ಕೂಡಲೇ ಮೂರು ಡಿ4 ದಾಳವನ್ನ ಕ್ಲೆರಿಕ್ ಆಡೋನ ಕೈಯಿಂದಲೇ ಮೂವರ ಕೈಗೆ ಕೊಡಿಸಿ. ದಾಳ ಕೈಯಲ್ಲಿದ್ರೆ ಅದನ್ನ ಸೇರಿಸೋಕೆ ಯಾರೂ ಮರೆಯಲ್ಲ. ಅದರಿಂದಲೇ ಏಟು ತಾಗಿದಾಗ ಯಾರಿಗೆ ಥ್ಯಾಂಕ್ಸ್ ಹೇಳಬೇಕು ಅಂತಲೂ ಗೊತ್ತಿರುತ್ತೆ.

ಮಾತುಕತೆಯ ದೃಶ್ಯಕ್ಕೂ ಇದೇ ಗೋಳು. ಮಾತು ಬಲ್ಲವನು ಕೋಟೆ ಕಾವಲುಗಾರನನ್ನ ಭಾಷಣ ಮಾಡೇ ಗೆಲ್ತಾನೆ, ನಾಚಿಕೆ ಸ್ವಭಾವದ ಹೊಸಬನ ಪಾತ್ರಕ್ಕೆ ಕರಿಸ್ಮಾ (ಒಪ್ಪಿಸೋ ಬಲ) ಎಷ್ಟಿದ್ದರೂ ಬಾಯಿ ಬರಲ್ಲ. ದಾಳ ಮೊದಲು, ಮಾತು ಆಮೇಲೆ. ಹೊಸಬನಿಗೆ ಎರಡೇ ಪ್ರಶ್ನೆ: ಅವನಿಂದ ನಿನಗೆ ಏನು ಬೇಕು? ಏನು ಹೇಳಿ ಒಪ್ಪಿಸ್ತೀಯ? ಹೇಳಿದ ಕಾರಣ ಕಾವಲುಗಾರನ ಮನಸ್ಸಿಗೆ ನಾಟೋ ಹಾಗಿದ್ರೆ ಡಿಸಿ (ದಾಳ ಮುಟ್ಟಬೇಕಾದ ಅಂಕ) 10, ಸುಮ್ಮನೆ ಒತ್ತಾಯ ಆದ್ರೆ 15. ದಾಳ ಬಿದ್ದ ಮೇಲೆ ಬೇಕಾದವರು ಅಭಿನಯಿಸಲಿ. ಚಂದ ಮಾತಾಡಿದ್ದಕ್ಕೆ ದಾಳ ಮಾಫಿ ಮಾಡೋ ಅಭ್ಯಾಸ ಇದ್ರೆ ಇವತ್ತೇ ಬಿಡಿ.

---

ಬಿದನೂರು20:

ಹುಲಿಕುರಿ ಅವರ ಮಂಜಿನ ಉಪಾಯ ಹಾಗೇ ಮಾಡಿದ್ರೆ ಕೈ ಕೊಡುತ್ತೆ. ನಿಯಮ ಪೂರ್ತಿ ಓದಿ. ಕಾಣದವನಿಗೆ ಹೊಡೆದ್ರೆ ಡಿಸ್‌ಅಡ್ವಾಂಟೇಜ್ (ಎರಡು ಸಲ ದಾಳ ಹಾಕಿ ಕಡಿಮೆ ಬಿದ್ದದ್ದು), ಸರಿ. ಆದ್ರೆ ಅವನಿಗೂ ನಾನು ಕಾಣಲ್ಲ, ಆದ್ದರಿಂದ ನನಗೆ ಅಡ್ವಾಂಟೇಜ್ (ಎರಡರಲ್ಲಿ ಹೆಚ್ಚು ಬಿದ್ದದ್ದು). ಎರಡೂ ಸೇರಿ ಸೊನ್ನೆ, ಸಾದಾ ದಾಳ. ದಟ್ಟ ಮಂಜಲ್ಲಿ ಇಬ್ಬರೂ ಕುರುಡರಾದ್ರೆ ಬಿಲ್ಲುಗಾರನಿಗೆ ಏನೂ ನಷ್ಟ ಇಲ್ಲ, ಪಳಗಿದವನು ಇದನ್ನ ಮೊದಲನೇ ಸುತ್ತಲ್ಲೇ ಎತ್ತಿ ಆಡ್ತಾನೆ. ನಷ್ಟ ಆಗೋದು ವಿಜಾರ್ಡ್‌ಗೆ, ಕಣ್ಣಿಗೆ ಕಾಣೋ ಗುರಿ ಬೇಕು ಅನ್ನೋ ಮಂತ್ರ ಎಷ್ಟೋ ಇವೆ. ಹೊಸಬನಿಗೇ ಹೊಡೆತ.

ಮಂಜು ಕೆಲಸ ಮಾಡಬೇಕು ಅಂದ್ರೆ ಕುಳ್ಳರು ಅಡಗಬೇಕು. ಗಾಬ್ಲಿನ್‌ಗೆ ನಿಂಬಲ್ ಎಸ್ಕೇಪ್ ಇದೆ, ಪ್ರತಿ ಸರದಿ ಬೋನಸ್ ಆಕ್ಷನ್‌ನಲ್ಲಿ (ಸರದಿಯ ಹೆಚ್ಚುವರಿ ಸಣ್ಣ ನಡೆ) ಅಡಗಬಹುದು, ಸ್ಟೆಲ್ತ್ (ಅಡಗೋ ಕೌಶಲ) +6. ಅಡಗಿದವನು ಯಾವ ಚೌಕದಲ್ಲಿದ್ದಾನೆ ಅಂತ ಊಹಿಸಿ ಬಾಣ ಬಿಡಬೇಕು, ಊಹೆ ತಪ್ಪಿದ್ರೆ ಬಾಣ ವ್ಯರ್ಥ. ಅದೂ ಕೋಟೆಯ ಮೇಲಿನ ಅರ್ಧದಲ್ಲಿ ಮಾತ್ರ ಮಂಜು ಇಡಿ. ಬಾಗಿಲ ಮುಂದೆ ಒಂದು 40 ಅಡಿ ತಿಳಿಯಾಗಿರಲಿ, ಫೈಟರ್, ವಿಜಾರ್ಡ್ ಅಲ್ಲಿ ಆಡಲಿ.

ಪರದೆ ಹಿಂದೆ ದಾಳ ತಿರುಗಿಸೋ ಯೋಚನೆ ಇದ್ರೆ ಬಿಡಿ. ರಕ್ಕಸ ಅಂತ ಹೆಸರಿಟ್ಟರೂ 59 ಎಚ್‌ಪಿ ಅಂತ ಆ ಇಬ್ಬರಿಗೂ ಬಾಯಿಪಾಠ, ಏಟು ಕೂಡಿಸಿಕೊಂಡೇ ಕೂತಿರ್ತಾರೆ. 59 ಬರೀ ಸರಾಸರಿ. ಪುಸ್ತಕದಲ್ಲೇ 7ಡಿ10+21 ಅಂತಿದೆ, ಅಂದ್ರೆ 28ರಿಂದ 91ರ ತನಕ ಯಾವುದಾದ್ರೂ ನಿಯಮಬದ್ಧ. ಆಟಕ್ಕೆ ಮೊದಲೇ ಒಂದು ಚೀಟಿಯಲ್ಲಿ 70 ಅಂತ ಬರೆದು ಮಡಚಿ ಮೇಜಿನ ಮೇಲಿಡಿ, ಸತ್ತ ಮೇಲೆ ಬಿಚ್ಚಿ ತೋರಿಸಿ. ಜಗಳವೇ ಇಲ್ಲ.

---

ತುಂಗಾದಂಡೆ:

ಇಷ್ಟು ವಿವರಕ್ಕೆ ಎಲ್ಲರಿಗೂ ದೊಡ್ಡ ನಮಸ್ಕಾರ. ಒಬ್ಬ ರಕ್ಕಸ, ನಾಲ್ವರು ಕುಳ್ಳರು ಅಂತ ಖಾತ್ರಿ ಮಾಡಿದೆ. ಎರಡು ಅನುಮಾನ ಉಳೀತು. ವಿಜಾರ್ಡ್‌ಗೆ 17 ಎಚ್‌ಪಿ. ರಕ್ಕಸನ ಏಟು 2ಡಿ8+4, ಸರಾಸರಿ 13. ಎರಡು ಬಿದ್ರೆ ಮಲಗಿದ, ಕ್ರಿಟ್ ಆದ್ರೆ ಒಂದಕ್ಕೇ. ಬಿದ್ದು ಸುಮ್ಮನೆ ಕೂತ ಹೊಸಬ ಮುಂದಿನ ವಾರ ಬರ್ತಾನೋ ಇಲ್ವೋ. ಎರಡನೇದು, ಆ ನಾಲ್ಕು ನಿಮಿಷದ ಸರದಿ. ಕಾನುಮನೆ ಅಕ್ಕ, ಇದಕ್ಕೆ ಏನಾದ್ರೂ ಇದ್ಯಾ?

---

ಕಾನುಮನೆ (ತೀರ್ಥಹಳ್ಳಿ):

ಇದೆ. ಪೋಸ್ಟ್‌ಕಾರ್ಡ್ ಅಳತೆಯ ರಟ್ಟು ತಗೊಂಡು ಹೊಸಬರಿಗೆ ಒಂದೊಂದು ಬರೆದುಕೊಡಿ. ಪೂರ್ತಿ ಕ್ಯಾರೆಕ್ಟರ್ ಶೀಟ್ ಮಗುಚಿ ಇಟ್ಟುಬಿಡಲಿ.

ವಿಜಾರ್ಡ್ ಕಾರ್ಡಿನಲ್ಲಿ ನಾಲ್ಕೇ ಸಾಲು. ಇಂಟ್ (ಬುದ್ಧಿ) +3 ಇದ್ರೆ ಅವನು ಸಿದ್ಧ ಮಾಡಿಕೊಳ್ಳಬಹುದಾದ ಮಂತ್ರ ಆರು, ಮೇಲೆ ಮೂರು ಕ್ಯಾಂಟ್ರಿಪ್ (ಖರ್ಚಾಗದ ಸಣ್ಣ ಮಂತ್ರ). ಒಂಬತ್ತರಲ್ಲಿ ಆರಿಸು ಅಂದ್ರೆ ನಾಲ್ಕು ನಿಮಿಷ ಆಗೋದೇ.

ಮ್ಯಾಜಿಕ್ ಮಿಸೈಲ್: ದಾಳ ಹಾಕದೆ ತಾಗುತ್ತೆ, ಮೂರು ಬಾಣ, ಒಂದೊಂದು 1ಡಿ4+1. ಹೊಸಬನಿಗೆ ಇದಕ್ಕಿಂತ ಧೈರ್ಯದ ಮಂತ್ರ ಇಲ್ಲ.
ಸ್ಲೀಪ್: 5ಡಿ8 ಎಚ್‌ಪಿ ಅಷ್ಟು ಜೀವ ಮಲಗುತ್ತೆ, ಸರಾಸರಿ 22. ಮೂವರು ಕುಳ್ಳರು 21!
ಫೈರ್ ಬೋಲ್ಟ್: ಏನೂ ತೋಚದಿದ್ರೆ ಇದು. ಎಷ್ಟು ಸಲ ಬೇಕಾದ್ರೂ.
ಶೀಲ್ಡ್: ಏಟು ಬಿದ್ದಾಗ, ಎಸಿ +5. ಸರದಿ ಬೇಡ.

ಸ್ಲೀಪ್ ಪಕ್ಕದಲ್ಲಿ ಕೆಂಪು ಪೆನ್ನಲ್ಲಿ ಬರೀರಿ: ಗುರಿ ಇಟ್ಟ ಜಾಗದಿಂದ 20 ಅಡಿಯೊಳಗೆ ನಮ್ಮವರಿದ್ರೂ ಲೆಕ್ಕಕ್ಕೆ ಬರ್ತಾರೆ, ಎಚ್‌ಪಿ ಕಡಿಮೆ ಇದ್ದವರಿಂದ ಶುರು. ಏಟು ತಿಂದು 5ಕ್ಕೆ ಇಳಿದ ಫೈಟರ್ ಮೊದಲು ಗೊರಕೆ ಹೊಡೀತಾನೆ. ಈ ಮಂತ್ರ ಮೊದಲನೇ ಸುತ್ತಿಗೆ, ಆಮೇಲೆ ಬೇಡ.

ರೋಗ್ ಕಾರ್ಡಿನಲ್ಲಿ ಒಂದು ಪ್ರಶ್ನೆ ಸಾಕು: "ನನ್ನ ಗುರಿಯ ಪಕ್ಕದ ಚೌಕದಲ್ಲಿ ನಮ್ಮವರು ಇದ್ದಾರಾ?" ಇದ್ರೆ ಸ್ನೀಕ್ ಅಟ್ಯಾಕ್, 2ಡಿ6 ಸೇರಿಸು. ಅದು ಮರೆತ್ರೆ ಸರಾಸರಿ ಆರೂವರೆ, ನೆನಪಿದ್ರೆ ಹದಿಮೂರೂವರೆ. ನಿಮ್ಮ ರೋಗ್ ದುರ್ಬಲ ಅಂತ ಅನ್ನಿಸ್ತಿರೋದು ಬಹುಶಃ ಇಷ್ಟಕ್ಕೇ. ಅಡಗಿ ಹೊಡೆದ್ರೆ ಮಾತ್ರ ಸ್ನೀಕ್ ಅಟ್ಯಾಕ್ ಅಂತ ಹೆಸರು ನೋಡಿ ತಪ್ಪು ತಿಳ್ಕೊಳ್ತಾರೆ.

ಸರದಿ ಕರೆಯುವಾಗ ಎರಡು ಹೆಸರು ಕರೀರಿ: "ಈಗ ಫೈಟರ್, ಅದಾದ ಮೇಲೆ ವಿಜಾರ್ಡ್." ಅವನ ಯೋಚನೆ ಬೇರೆಯವರ ಸರದಿಯಲ್ಲಿ ನಡೀಲಿ. ಆಷಾಢದಲ್ಲಿ ಶೀಟಿನ ಮಾಡಿನ ಕೆಳಗೆ ಆಡೋದಾದ್ರೆ ಮೂವರು ಹೊಸಬರನ್ನ ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ. ಮಳೆ ಜೋರಾದ್ರೆ ಮೇಜಿನ ಆ ತುದಿಗೆ ನಿಮ್ಮ ಮಾತು ಕೇಳಲ್ಲ. ಪಳಗಿದವನು ಅಂದಾಜಲ್ಲಿ ಆಡ್ತಾನೆ, ಹೊಸಬ ಸುಮ್ಮನಾಗಿಬಿಡ್ತಾನೆ.

---

ಹುಲಿಕುರಿ (ಸಾಗರ):

ಬಿದನೂರು ಅವರೆ, ಮಂಜಿನ ತಿದ್ದುಪಡಿ ಒಪ್ಪಿದೆ. ಅಡಗೋದು ಬಿಟ್ಟಿದ್ದೆ.

ವಿಜಾರ್ಡ್ ಬೀಳದ ಹಾಗೆ ಮಾಡೋಕೆ ಮೋಸ ಬೇಡ, ರಕ್ಕಸನ ಬುದ್ಧಿ ಸಾಕು. ಓಗರ್ ಇಂಟ್ ಬರೀ 5. ಹಿಂದಿನ ಸುತ್ತಲ್ಲಿ ಯಾರು ಹೆಚ್ಚು ನೋಯಿಸಿದರೋ ಅವರ ಮೇಲೆ ಹೋಗ್ತಾನೆ, ಬೇರೆ ಯೋಚನೆ ಅವನಿಗಿಲ್ಲ. ಇದನ್ನ ಮೇಜಿಗೆ ಗಟ್ಟಿಯಾಗಿ ಹೇಳಿ: "ಬಾಣ ಬಂದ ಕಡೆ ತಿರುಗಿ ಗುರ್ರ್ ಅಂದ." ಹತ್ತೂವರೆ ಹೊಡೆಯೋನಿಗೇ ಅಪಾಯ ಹೋಗುತ್ತೆ. ಕೈಗೆ ಸಿಗದಿದ್ರೆ ರಕ್ಕಸನ ಹತ್ತಿರ ಜಾವೆಲಿನ್ (ಎಸೆಯೋ ಈಟಿ) ಇದೆ, 30 ಅಡಿ ತನಕ ಸಲೀಸು, 120ರ ತನಕ ಡಿಸ್‌ಅಡ್ವಾಂಟೇಜ್, ಏಟು 2ಡಿ6+4. ಎದುರು ನಿಂತ ಫೈಟರ್‌ನ ದಾಟಿ ಹೋದ್ರೆ ಫೈಟರ್‌ಗೆ ರಿಯಾಕ್ಷನ್‌ನಲ್ಲಿ (ತನ್ನ ಸರದಿಯಾಚೆ ಸಿಗೋ ನಡೆ) ಒಂದು ಹೊಡೆತ ಪುಕ್ಕಟೆ, ಅದನ್ನ ನೀವೇ ನೆನಪಿಸಿ.

ಬಾಗಿಲಿನ ಅಗಲ ಮರೀಬೇಡಿ. ಓಗರ್ ಎರಡು ಚೌಕ ಉದ್ದ, ಎರಡು ಚೌಕ ಅಗಲ (ಒಂದು ಚೌಕ ಅಂದ್ರೆ 5 ಅಡಿ). ಬಾಗಿಲು 5 ಅಡಿ ಇಟ್ರೆ ಫೈಟರ್ ಒಬ್ಬನೇ ಬಾಯಿಗೆ ಅಡ್ಡ ನಿಂತು ಉಳಿದವರೆಲ್ಲ ಹಿಂದೆ ಕ್ಯೂ. 15 ಅಡಿ ಇಡಿ. ಬಾಗಿಲ ಒಳಗಿನ ಅಗುಳಿ ಎತ್ತೋದು ಅಥ್ಲೆಟಿಕ್ಸ್ ಡಿಸಿ 15, ಫೈಟರ್ ಕೆಲಸ. ಮೇಲಿನ ಕಹಳೆಯವನನ್ನ ತಡೆಯೋದು ರೋಗ್ ಕೆಲಸ, ಗೋಡೆ ಹತ್ತಿ. ಈ ಎರಡು ಜಾಗಕ್ಕೂ 60 ಅಡಿ ಅಂತರ ಇರಲಿ, ಒಬ್ಬನೇ ಎರಡೂ ಕಡೆ ಯಜಮಾನಿಕೆ ಮಾಡೋಕೆ ಆಗಬಾರದು.

ನಾಲ್ವರಲ್ಲಿ ಇಬ್ಬರು ಕುಳ್ಳರನ್ನ ಮೇಲಿನ ಬುರುಜಿನಲ್ಲಿ ಇಟ್ಟುಕೊಳ್ಳಿ. ರೋಗ್ ಕಹಳೆ ತಡೆದ್ರೆ ಅವರು ಬರೋದೇ ಇಲ್ಲ. ತಪ್ಪಿದ್ರೆ 3ನೇ ಸುತ್ತಿನ ಶುರುವಿಗೆ ಇಳೀತಾರೆ. ಕಾಳಗದ ಭಾರ ಏರಿಸೋ ಇಳಿಸೋ ಸ್ಕ್ರೂ ಹೀಗೆ ಹೊಸಬನ ಕೈಯಲ್ಲೇ ಇರುತ್ತೆ.

---

ಬಿದನೂರು20:

ಎರಡು ಚಿಲ್ಲರೆ ವಿಷಯ. ಕರೆಂಟ್ ಹೋಗೋ ಕಾಲ, ಕ್ಯಾರೆಕ್ಟರ್ ಶೀಟು ಫೋನಲ್ಲಿ ಬೇಡ, ಪ್ರಿಂಟ್ ತೆಗೀರಿ. ಡಿ20 ಸಾಲದಿದ್ರೆ ಡಿ10 ಜೊತೆ ಮಾಮೂಲಿ ಆರು ಮುಖದ ದಾಳ ಹಾಕಿ: ಅದರಲ್ಲಿ 1-3 ಬಂದ್ರೆ ಡಿ10 ಹಾಗೇ, 4-6 ಬಂದ್ರೆ 10 ಸೇರಿಸಿ. ಚೌಕಾಬಾರದ ಕವಡೆ ಹಾಕೋಣ ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡಿ. ನಾಲ್ಕು ಕವಡೆಯಲ್ಲಿ ಎರಡು ಅಂಗಾತ ಬೀಳೋದು, ನಾಲ್ಕೂ ಅಂಗಾತ ಬೀಳೋದಕ್ಕಿಂತ ಆರು ಪಟ್ಟು ಹೆಚ್ಚು, ಅದೂ ಕವಡೆ ಎರಡು ಮಗ್ಗುಲಿಗೂ ಸಮ ಬಿದ್ರೆ. ಮೇಲಿನ ಶೇಕಡಾ ಲೆಕ್ಕ ಎಲ್ಲ ಅಡಿಮೇಲು.

ಗೊಂಬೆ ಇಲ್ಲದಿದ್ರೆ ಕುಳ್ಳನಿಗೆ ಹುಣಸೆ ಬೀಜ, ಚಾರ್ಟ್ ಪೇಪರಿನ 1 ಇಂಚು ಚೌಕಕ್ಕೆ ಸರಿ ಹೊಂದುತ್ತೆ. ರಕ್ಕಸನಿಗೆ ಅಡಿಕೆ ಇಡಬೇಡಿ, ಉರುಳುತ್ತೆ. 2 ಇಂಚು ಚೌಕದ ರಟ್ಟು ಕತ್ತರಿಸಿ.

---

ತುಂಗಾದಂಡೆ:

ಚೀಟಿಗೆ 70 ಬರೆಯೋಕೆ ಹೋಗಿ 64 ಬರೆದೆ, ಬ್ಲೆಸ್ ಬಿಲ್ಲುಗಾರನಿಗೆ ಸಿಗದೆ ಹೋದ್ರೆ 70 ಎಳೆಯುತ್ತೆ ಅನ್ನಿಸ್ತು. ಸಾಕಾ?

---

ಹುಲಿಕುರಿ (ಸಾಗರ):

ಸಾಕು. ಬಿಲ್ಲುಗಾರ ಹತ್ತೂವರೆ, ಫೈಟರ್ ಏಳೂವರೆ, ಇಬ್ಬರೇ ಹೊಡೆದ್ರೂ ಸುತ್ತಿಗೆ 18. ನಾಲ್ಕನೇ ಸುತ್ತಿಗೆ ಬೀಳ್ತಾನೆ. ಬುರುಜಿನವರು 3ಕ್ಕೆ ಇಳಿಯೋದು, ಅವನು 4ಕ್ಕೆ ಬೀಳೋದು. ಚೀಟಿ ಮಡಚಿ.